ಎರಡು ಗಡಿಯಾರದ ಮನೆ

ವಿಮಾನ ನಿಲ್ದಾಣದ ಗೋಪುರದ ನೆಲಮಾಳಿಗೆ,
ಸೋಮವಾರ, ಹತ್ತನೆಯ ತಾರೀಖು,
ಮಧ್ಯಾಹ್ನ ಹನ್ನೆರಡೂವರೆ (ಊರಿನ ಗಂಟೆ)

ಪ್ರೀತಿಯ ಕ್ಯಾಪ್ಟನ್ ಸಾಹೇಬರಿಗೆ,

ಹೇಗಿದ್ದೀರಿ? ಬಿ.ಪಿ. ಮಾತ್ರೆ ಅಲ್ಲಿ ಸಿಗುತ್ತಿದೆಯೇ, ಇಲ್ಲ ಹೋಟೆಲಿನ ಉಪ್ಪುಪ್ಪು ಊಟ ತಿಂದು ಹಣೆ ಒತ್ತಿಕೊಂಡು ಕೂತಿದ್ದೀರಾ? ಎರಡು ದಿನದ ಕೆಲಸವೆಂದು ನಾಲ್ಕು ಮಾತ್ರೆ, ಎರಡು ಅಂಗಿ ಹಿಡಿದುಕೊಂಡು ಹೋದವರು ನೀವು. ಇವತ್ತಿಗೆ ನಲವತ್ತೇಳು ದಿನ. ನೀವು ಅಲ್ಲಿ ಇಳಿದಿರಿ, ಇಲ್ಲಿ ಯುದ್ಧ ಶುರುವಾಯಿತು, ಆಕಾಶ ಮುಚ್ಚಿದರು. ಬಲಗಾಲಿನ ಮಂಡಿ ನೋವು ಹೇಗಿದೆ ಎಂದು ಫೋನಿನಲ್ಲಿ ಕೇಳೋಣವೆಂದರೆ ನಮಗೆ ಸಿಗುವುದು ಎರಡು ನಿಮಿಷ, ಅದರಲ್ಲೂ ಇನ್ನೊಬ್ಬರು ಕಿವಿಯಿಟ್ಟಿರುತ್ತಾರೆ. ಅದಕ್ಕೇ ಈ ಕಾಗದ. ಗಾಯಾಳುಗಳ ಬಸ್ಸಿನ ಜೊತೆ ಗಡಿ ದಾಟುವ ನರ್ಸಮ್ಮ ಮೂರು ಗಂಟೆಗೆ ಹೊರಡುತ್ತಾರೆ. ಬುಧವಾರ ಸಂಜೆ ನಿಮ್ಮ ಹೋಟೆಲಿಗೆ ತಲುಪಿಸುತ್ತೇನೆ ಎಂದಿದ್ದಾರೆ.

ಮನೆಯಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಇಷ್ಟಕ್ಕೇ ನಿಲ್ಲಿಸಿದೆ. ಅತ್ತೆಯವರ ನಾಲಿಗೆಗೆ ಮಾತ್ರ ಯುದ್ಧದಿಂದ ಏನೂ ಆಗಿಲ್ಲ. ಸೈರನ್ ಕೂಗಿದರೆ ಮೆಟ್ಟಿಲ ಕೆಳಗಿನ ಗೂಡಿಗೆ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಾರೆ, ಆಮೇಲೆ ನಮಗೆ ಹೆದರುಪುಕ್ಕಲರು ಎನ್ನುತ್ತಾರೆ. ಅಡುಗೆಮನೆಯ ಗೋಡೆಯ ಮೇಲೆ ನೀವು ಹೊಡೆದ ಎರಡು ಗಡಿಯಾರಗಳನ್ನು ನೋಡಿದಾಗಲೆಲ್ಲ ಅವರದು ಅದೇ ಮಾತು: "ಒಂದು ಮನೆಗೆ ಎರಡು ಗಡಿಯಾರ, ಒಂದಾದರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯೋದಿಲ್ಲ." ಒಂದು ನಮ್ಮ ಊರಿನ ಗಂಟೆ, ಇನ್ನೊಂದು ಅದಕ್ಕಿಂತ ಮೂರು ಗಂಟೆ ಹಿಂದಿರುವ ವಿಮಾನದವರ ಗಂಟೆ, ಲೋಕಕ್ಕೆಲ್ಲ ಒಂದೇ. ಮಗಳ ಐದನೇ ಹುಟ್ಟುಹಬ್ಬ ನೆನಪಿದೆಯಲ್ಲ? ನಾಲ್ಕು ಗಂಟೆಗೆ ಬನ್ನಿ ಎಂದು ಬರೆಯಬೇಕಾದ ಕಡೆ, ಕೆಲಸದ ಅಭ್ಯಾಸದಲ್ಲಿ ಒಂದು ಗಂಟೆ ಎಂದು ಬರೆದು ಇಪ್ಪತ್ತು ಮನೆಗೆ ಕಳಿಸಿದ್ದೆ. ಅತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಬಾಗಿಲು ತೆಗೆದರೆ, ಹೊರಗೆ ಇಪ್ಪತ್ತು ಮಕ್ಕಳು ಉಡುಗೊರೆ ಹಿಡಿದು ನಿಂತಿದ್ದವು. ನೀವು ವರ್ಷಗಟ್ಟಲೆ ಅದನ್ನು ಹೇಳಿ ನಗಿಸಿದಿರಿ. ಮಗಳು ಈಗಲೂ ಯಾರು ಯಾವ ಹೊತ್ತು ಹೇಳಿದರೂ ಒಮ್ಮೆ ಎರಡೂ ಗಡಿಯಾರ ನೋಡುತ್ತಾಳೆ. ಒಂಬತ್ತು ವರ್ಷದ ಹುಡುಗಿ, ಶೂ ಹಾಕಿಕೊಂಡೇ ಮಲಗುತ್ತಾಳೆ. ಬಿಚ್ಚು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಕೋಟು ಬಾಗಿಲ ಹಿಂದೆ ಹಾಗೇ ನೇತಾಡುತ್ತಿದೆ. ಮೊನ್ನೆ ಅತ್ತೆ ಒಗೆಯಲು ತೆಗೆದರು, ನಾನು ಕಿತ್ತುಕೊಂಡು ಜಗಳವಾಡಿದೆ. ಯಾಕೆ ಇಷ್ಟು ಸಿಡುಕುತ್ತೀಯ ಎಂದು ಕೇಳಿದರು. ನಾನು ಕೋಟನ್ನು ಮತ್ತೆ ಬಾಗಿಲ ಹಿಂದೆ ತೂಗುಹಾಕಿದೆ.

ನಿಲ್ದಾಣವನ್ನು ನೀವು ನೋಡಿದರೆ ಗುರುತು ಹಿಡಿಯಲಾರಿರಿ. ಪ್ರಯಾಣಿಕರ ಹಾಲಿನ ದೊಡ್ಡ ಬೋರ್ಡು ಕರೆಂಟು ಹೋದಾಗ ಹೇಗಿತ್ತೋ ಹಾಗೇ ನಿಂತಿದೆ, ಅದರ ಮೂರನೇ ಸಾಲಿನಲ್ಲಿ ನಿಮ್ಮ ವಿಮಾನ, ಮುಂದೆ "ತಡವಾಗಿದೆ" ಎಂದು. ಕಸ ಗುಡಿಸುವಾಕೆ ದಿನಾ ಅದರ ಕೆಳಗೆ ನಿಂತು, "ನಿಮ್ಮೋರು ಇನ್ನೂ ಲೇಟಾ ಮೇಡಮ್" ಎಂದು ಕೇಳುತ್ತಾಳೆ. ದೊಡ್ಡ ಶೆಡ್ಡನ್ನು ವಾಯುಪಡೆಯವರು ತೆಗೆದುಕೊಂಡರು. ಒಳಗಿದ್ದ ಪ್ರಯಾಣಿಕರ ವಿಮಾನಗಳನ್ನು ಹೊರಗೆಳೆದು ಬಿಸಿಲಿಗೆ ನಿಲ್ಲಿಸಿದ್ದಾರೆ, ಒಂದರ ಎಂಜಿನ್ನಿನಲ್ಲಿ ಹಕ್ಕಿ ಗೂಡು ಕಟ್ಟಿದೆ. ಇನ್ನೆರಡರ ಸೀಟು ಕಿತ್ತು ಸ್ಟ್ರೆಚರ್ ಜೋಡಿಸಿದರು. ನಿಮ್ಮ ಜೊತೆ ಹಾರುತ್ತಿದ್ದ ಪೈಲಟ್ಟುಗಳಲ್ಲಿ ಅರ್ಧ ಜನರಿಗೆ ಖಾಕಿ ತೊಡಿಸಿ ಮದ್ದುಗುಂಡು ಸಾಗಿಸಲು ಹಾಕಿದ್ದಾರೆ. ಉಪಗ್ರಹದ ಸಂಕೇತವನ್ನು ಯಾರು ಕೆಡಿಸುತ್ತಿದ್ದಾರೋ, ನಮ್ಮವರೋ ಅವರೋ, ಒಟ್ಟಿನಲ್ಲಿ ತಲೆಯ ಮೇಲೆ ಇರುವ ವಿಮಾನ ಪರದೆಯಲ್ಲಿ ಸಮುದ್ರದ ನಡುವೆ ಕಾಣುತ್ತದೆ. ಹಾಗಾಗಿ ನಾವು ಅಜ್ಜಂದಿರ ಕಾಲಕ್ಕೆ ಮರಳಿದ್ದೇವೆ: ಕಾಗದ, ಪೆನ್ಸಿಲ್ಲು, ಟೆಲಿಫೋನು. ವಿಮಾನಗಳಿಗೆ ದಾರಿ ಹೇಳಲು ಗೋಪುರದಲ್ಲಿ ಹನ್ನೊಂದು ಜನ ಇದ್ದೆವು. ಈಗ ನಾನು, ಮತ್ತೆ ಕಣ್ಣಿಗೆ ಪೊರೆ ಬಂದಿರುವ ನಮ್ಮ ಮುಖ್ಯಸ್ಥರು. ಅವರಿಗೆ ತಮ್ಮ ಚಹಾದ ಲೋಟವೇ ಕಾಣುವುದಿಲ್ಲ.

ಇನ್ನು ನಿಮ್ಮ ಗುರುವಾರದ ವಿಷಯ. ಅಲ್ಲಿ ಸಿಕ್ಕಿಹಾಕಿಕೊಂಡ ನೂರ ಅರವತ್ತು ಜನರನ್ನು ಕೂರಿಸಿಕೊಂಡು ನೀವು ಹೊರಡುತ್ತೀರಿ ಎಂದು ಕೇಳಿದಾಗ, ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀವು ಬರುವುದು ಹೇಗೆ ಎಂದು ತಿಳಿದಿರಲಿ. ನೀರಿನ ಟ್ಯಾಂಕಿನ ಹಿಂದಿನ ಬೆಟ್ಟದ ಮೇಲೆ ಕ್ಷಿಪಣಿ ಹೂಡಿದ್ದಾರೆ. ಪ್ರತಿದಿನ ನಾನು ಅವರಿಗೆ ಒಂದು ಪಟ್ಟಿ ಓದಿ ಹೇಳುತ್ತೇನೆ: ಇಂಥ ವಿಮಾನ, ಈ ದಿಕ್ಕಿನಿಂದ, ಇಷ್ಟು ಹೊತ್ತಿಗೆ. ಪಟ್ಟಿಯಲ್ಲಿ ಆ ಹೊತ್ತಿಗೆ ಇಲ್ಲದ್ದು ಏನು ಬಂದರೂ ಶತ್ರು. ಬೆಟ್ಟದವರು ಗೋಡೆಯ ಗಡಿಯಾರ ನೋಡುವವರಾದ್ದರಿಂದ ಅವರ ಪಟ್ಟಿ ಊರಿನ ಗಂಟೆಯಲ್ಲೇ ಇರಬೇಕು ಎಂದು ನಿಯಮ. ಪೈಲಟ್ಟುಗಳು ಕಳಿಸಿದ ಹೊತ್ತಿಗೆ ನಾನು ಮೂರು ಗಂಟೆ ಕೂಡಿಸಿ ಬರೆಯಬೇಕು. ಪಟ್ಟಿ ಇಲ್ಲದ ದಿನ ಬೆಟ್ಟದವರು ಒಂದೂ ವಿಮಾನವನ್ನು ಬಿಡುವುದಿಲ್ಲ. ಅವರೊಂದಿಗೆ ಮಾತಾಡಲು ಅನುಮತಿ ಇರುವುದು ಈಗ ನನಗೊಬ್ಬಳಿಗೇ. ಗುರುವಾರದ ಹಾಳೆಯ ಮೊದಲ ಸಾಲು ನಿಮಗೇ ಇಟ್ಟಿದ್ದೇನೆ, ಹತ್ತು ಇಪ್ಪತ್ತು.

ಬೆಟ್ಟದ ಕಡೆಯಿಂದ ಪಟ್ಟಿ ಬರೆದುಕೊಳ್ಳುತ್ತಿದ್ದವನನ್ನು ನಾನು ಒಮ್ಮೆಯೂ ನೋಡಿಲ್ಲ. ಅವನಿಗೆ ಕೆಮ್ಮು, ಅದಕ್ಕೇ ಕೆಮ್ಮಣ್ಣ ಎಂದು ಮನಸ್ಸಿನಲ್ಲೇ ಹೆಸರಿಟ್ಟಿದ್ದೆ. ಒಂದೊಂದು ಸಾಲನ್ನೂ ತಿರುಗಿ ಓದಿ, "ಸರೀನಾ ಮೇಡಮ್?" ಎಂದು ಕೇಳಿ, ನಾನು ಸರಿ ಎಂದ ಮೇಲೆಯೇ ಮುಂದಿನ ಸಾಲಿಗೆ ಹೋಗುವವನು. ಬಿಸಿನೀರು ಕುಡಿಯಪ್ಪಾ ಎಂದರೆ, "ಇಲ್ಲಿ ನೀರು ಬಿಸಿ ಮಾಡಿದ್ರೆ ಹೊಗೆ ಕಾಣತ್ತೆ ಮೇಡಮ್" ಎನ್ನುತ್ತಿದ್ದ. ಒಂಬತ್ತು ದಿನದ ಹಿಂದೆ, ಶನಿವಾರ, ಔಷಧಿ ತರುತ್ತಿದ್ದ ಸರಕು ವಿಮಾನವನ್ನು ಬೆಟ್ಟದವರೇ ಹೊಡೆದರು. ಅದು ಐದು ಹತ್ತಕ್ಕೆ, ಹೇಳಿದ ಹೊತ್ತಿಗೆ, ಹೇಳಿದ ದಿಕ್ಕಿನಿಂದಲೇ ಬಂತು. ಕೆಮ್ಮಣ್ಣನ ಹಾಳೆಯಲ್ಲಿ ಅದು ಎರಡು ಹತ್ತಕ್ಕೆ ಬರಬೇಕಾದ ವಿಮಾನ. ಒಳಗೆ ಮೂವರಿದ್ದರು. ಅದರ ಕ್ಯಾಪ್ಟನ್ ಐದು ನಿಮಿಷ ಮುಂಚೆ, "ಗೋಪುರದಲ್ಲಿ ಚಹಾ ಉಂಟೋ, ಎಲ್ಲಾ ನೀವೇ ಕುಡಿದ್ರೋ" ಎಂದು ಕೇಳಿದ್ದರು. ಉಂಟು ಎಂದೆ. ಚಹಾ ನಿಜವಾಗಿಯೂ ಇತ್ತು.

ಮರುದಿನ ವಿಚಾರಣೆಯ ಅಧಿಕಾರಿ ಬಂದರು. ಶನಿವಾರ ಕೆಮ್ಮಣ್ಣನಿಗೆ ಜ್ವರ ಇತ್ತೆಂದು ಬೆಟ್ಟದ ಪುಸ್ತಕದಲ್ಲಿ ಬರೆದಿದೆಯಂತೆ. ಜ್ವರದ ಮಂಕಿನಲ್ಲಿ ಯಾವುದೋ ಬೇರೆ ಸಾಲಿನ ಹೊತ್ತನ್ನು ಇದಕ್ಕೆ ಬರೆದುಕೊಂಡಿದ್ದಾನೆ ಎಂದು ತೀರ್ಮಾನವಾಯಿತು. ಗೋಪುರದಿಂದ ಸರಿಯಾಗಿಯೇ ಹೇಳಲಾಗಿತ್ತು ಎಂದು ಬರೆದುಕೊಂಡರು, ನಾನು ಸಹಿ ಹಾಕಿದೆ. ಅಷ್ಟೇ ನಡೆದದ್ದು. ಅವನನ್ನು ಸೆರೆಯಲ್ಲಿಟ್ಟಿದ್ದಾರೆ. ನಾಡಿದ್ದು ಬುಧವಾರ ಬೆಳಿಗ್ಗೆ ಅವನ ವಿಚಾರಣೆ, ಅದೇ ದಿನ ತೀರ್ಪು. ಯುದ್ಧಕಾಲದಲ್ಲಿ ಇಂಥ ತಪ್ಪಿಗೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಅದು ನಿಮಗೂ ಗೊತ್ತು.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ನನ್ನನ್ನು ಕೇಳಿಕೊಂಡು ಬಂದಳು. ಕೆಮ್ಮಣ್ಣನ ಹೆಂಡತಿ. ಬೈಯಲು ಬಂದಿದ್ದಾಳೆ ಎಂದುಕೊಂಡು ಬೆನ್ನು ಗಟ್ಟಿ ಮಾಡಿಕೊಂಡು ಹೋದೆ. ಬೈದಿದ್ದರೆ ಎಷ್ಟೋ ಸುಖವಿತ್ತು. ಅವಳು ಚೀಲದಿಂದ ಕೆಮ್ಮಿನ ಔಷಧಿಯ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು. "ನಮ್ಮನ್ನ ಒಳಗೆ ಬಿಡ್ತಿಲ್ಲಮ್ಮ. ಅವರು ನಿಮ್ಮ ವಿಷಯ ಹೇಳ್ತಾನೇ ಇರ್ತಿದ್ರು, ಆ ಮೇಡಮ್ ಒಂದು ದಿನಾನೂ ತಪ್ಪು ಓದಿಲ್ಲ ಅಂತ. ನೀವು ಕಳಿಸಿದ್ರೆ ಅವರಿಗೆ ತಲುಪತ್ತೆ." ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ಎಂದು ಎರಡು ಸಲ ಹೇಳಿದಳು. ಬುಧವಾರದ ಆಚೆಗೆ ಆ ಬಾಟಲಿ ಎಷ್ಟು ದಿನ ಬರುತ್ತದೆ ಎಂದು ಅವಳು ಲೆಕ್ಕ ಹಾಕಿರಲಿಲ್ಲ. ಅದು ಈಗ ಈ ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇದೆ.

ಏನೇನೋ ಬರೆದು ನಿಮ್ಮ ತಲೆ ತಿಂದೆ. ಬರುವಾಗ ಏನೂ ತರಬೇಡಿ. ಅತ್ತೆಗೆ ಕನ್ನಡಕದ ಗಾಜು ಬೇಕಂತೆ, ಸಿಕ್ಕರೆ ನೋಡಿ. ಇಳಿಯುವಾಗ ಉಪಗ್ರಹದ ಲೆಕ್ಕ ನಂಬಬೇಡಿ, ನದಿ ನೋಡಿಕೊಂಡು ಬನ್ನಿ, ಓಡುದಾರಿಯ ಪಡುವಣ ತುದಿಯಲ್ಲಿ ಬಾಂಬು ಬಿದ್ದ ಗುಂಡಿಯಿದೆ. ಹದಿನೇಳು ವರ್ಷದಿಂದ ನೀವು ಚಕ್ರ ನೆಲಕ್ಕೆ ತಾಗಿದ ಮೇಲೆ, "ಗೋಪುರಕ್ಕೆ ನಮಸ್ಕಾರ, ಊಟಕ್ಕೆ ಬರ್ತೀನಿ" ಎನ್ನುತ್ತಿದ್ದಿರಲ್ಲ, ಅದು ನಿಯಮಕ್ಕೆ ವಿರುದ್ಧ ಎಂದು ಪ್ರತಿ ಸಲವೂ ಗದರುತ್ತಿದ್ದೆ. ಆ ಮಾತು ಇನ್ನೊಮ್ಮೆ ಕಿವಿಗೆ ಬೀಳಲಿ ಎಂದು ನಾನು ಯಾವ ದೇವರನ್ನು ಬೇಡಿಕೊಂಡಿಲ್ಲ ಹೇಳಿ.

ಅತ್ತೆಯವರ ಆಶೀರ್ವಾದ, ಮಗಳ ಎರಡು ಮುತ್ತು (ಒಂದು ನಿಮಗೆ, ಒಂದು ವಿಮಾನಕ್ಕಂತೆ), ಮತ್ತೆ ಉಳಿದದ್ದೆಲ್ಲ ನನ್ನದು. ಎಲ್ಲಿದ್ದರೂ ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಗೋಪುರ

ಮ.ವಿ.: ನರ್ಸಮ್ಮ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸುತ್ತಿದ್ದಾರೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಎರಡು ಹತ್ತು ಎಂದು ಓದಿದ್ದು ನಾನೇ. ಆ ದಿನ ಸೈರನ್ನಿಗೆ ಹೆದರಿ ಈ ನೆಲಮಾಳಿಗೆಗೆ ಓಡಿಬಂದು ಇಲ್ಲೇ ಪಟ್ಟಿ ಬರೆದೆ. ಇಲ್ಲಿ ಗೋಡೆಯ ಮೇಲೆ ಒಂದೂ ಗಡಿಯಾರವಿಲ್ಲ. ಪೈಲಟ್ ಕಳಿಸಿದ ಹೊತ್ತನ್ನು ಹಾಗೆಯೇ ಇಳಿಸಿಕೊಂಡೆ, ಮೂರು ಗಂಟೆ ಕೂಡಿಸಲಿಲ್ಲ. ಹುಟ್ಟುಹಬ್ಬದ ತಪ್ಪು, ರೀ, ಅದೇ ತಪ್ಪು. ಅವನು ಜ್ವರದಲ್ಲೂ ತಿರುಗಿ ಓದಿ ಸರೀನಾ ಎಂದು ಕೇಳಿದ. ಸರಿ ಎಂದೆ. ಅಧಿಕಾರಿ ಬರುವ ಮೊದಲೇ ಗೋಪುರದ ಪುಸ್ತಕದಿಂದ ಆ ಹಾಳೆ ಹರಿದು, ಬೇರೆ ಬರೆದು ಅಂಟಿಸಿದೆ. ಹರಿದದ್ದು ನಿಮ್ಮ ಕೋಟಿನ ಒಳಜೇಬಿನಲ್ಲಿದೆ. ಗುರುವಾರ ನೀವೊಮ್ಮೆ ಬಂದುಬಿಟ್ಟರೆ ಸಾಕು, ಆಮೇಲೆ ಹೇಳಿದರಾಯಿತು ಎಂದುಕೊಂಡು ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅವನಿಗೆ ಗುರುವಾರ ಬರುವುದಿಲ್ಲ. ಬುಧವಾರ ಬೆಳಿಗ್ಗೆ ಆ ಹಾಳೆ ಹಿಡಿದುಕೊಂಡು ಹೋಗುತ್ತೇನೆ. ನನ್ನನ್ನು ಅಲ್ಲೇ ಕೂರಿಸಿಕೊಳ್ಳುತ್ತಾರೆ, ಪಟ್ಟಿ ಬರೆಯಲು ಯಾರೂ ಉಳಿಯುವುದಿಲ್ಲ. ಗುರುವಾರ ಹೊರಡಲು ನಿಮಗೆ ಅನುಮತಿ ಇಲ್ಲ ಎಂದರೆ ಅಲ್ಲಿಯವರ ಮೇಲೆ ರೇಗಬೇಡಿ. ನಿಮ್ಮ ದಾರಿ ಮುಚ್ಚಿದ್ದು ನಾನು. ಆ ನೂರ ಅರವತ್ತು ಜನರಿಗೆ ಏನು ಹೇಳುತ್ತೀರೋ ನನಗೆ ತಿಳಿಯದು. ಮಗಳಿಗೆ ಮಾತ್ರ ನೀವೇ ಒಂದು ಕಾಗದ ಬರೆಯಿರಿ. ಗುರುವಾರ ಹತ್ತು ಇಪ್ಪತ್ತಕ್ಕೆ ಅಪ್ಪ ಬರುತ್ತಾರೆ ಎಂದು ಅವಳಿಗೆ ಹೇಳಿಬಿಟ್ಟಿದ್ದೆ. "ಯಾವ ಗಡಿಯಾರದಲ್ಲಿ ಅಮ್ಮಾ?" ಎಂದು ಕೇಳಿದಳು.