ಏಳನೇ ಸಾಲಿನ ಸಭೆ ಅಲ್ಲಿಲ್ಲ, ಸ್ವಾಮಿ

ಆರೋಗ್ಯ ಇಲಾಖೆಯ ವ್ಯಸನಮುಕ್ತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಪಟ್ಟಿ ಅಚ್ಚು ಹಾಕಿಸಿ ನಿಶ್ಚಿಂತರಾಗಿರುವ ಮಾನ್ಯರೇ,

ಕುಡಿತ ಬಿಡಬೇಕೆನ್ನುವವರಿಗಾಗಿ ನೀವು ಹಂಚಿರುವ ಸಭೆಗಳ ಪಟ್ಟಿಯಲ್ಲಿ ಏಳನೇ ಸಾಲು ಸುಳ್ಳು. ‘ಮಂಗಳವಾರ ಸಂಜೆ ಆರು, ಗಡಿಯಾರದಂಗಡಿಯ ಕಟ್ಟಡ, ಎರಡನೇ ಮಹಡಿ’ ಎಂದಿದೆ. ಆ ಸಭೆ ಅಲ್ಲಿಂದ ಎದ್ದುಹೋಗಿ ಎರಡು ವರ್ಷವಾಗಿದೆ. ಇದನ್ನು ಇಂಗ್ಲಿಷಿನಲ್ಲೇ ಬರೆದು ನಿಮ್ಮನ್ನು ಬೆದರಿಸೋಣವೆಂದಿದ್ದೆ. ಕಾಲೇಜಿನಲ್ಲಿ ಕಲಿತ ಅರ್ಜಿಯ ಮೊದಲ ಸಾಲು ‘ಐ ಬೆಗ್ ಟು ಸ್ಟೇಟ್’, ಕೊನೆಯ ಸಾಲು ‘ಯುವರ್ಸ್ ಒಬೀಡಿಯೆಂಟ್ಲಿ’, ಎರಡೂ ನೆನಪಿವೆ, ನಡುವಿನದು ಹೋಗಿದೆ. ಎಲ್ಲಿಗೆ ಹೋಯಿತೆಂದು ನಿಮ್ಮ ವಿಭಾಗಕ್ಕೆ ನಾನು ಬಿಡಿಸಿ ಹೇಳಬೇಕೇ?

ನಾನು ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತೊಂದು ವರ್ಷ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕಿದವನಲ್ಲ. ಒಂದನ್ನು ಹಾಕಿದ್ದೆ, ಅದು ಹೆಣ್ಣು ನೋಡಲು ಬರುವ ಕಾಗದ. ಈಗ ಅವರಿಗೆ ಮೂರು ಮಕ್ಕಳು, ಆ ಮಾತು ಬಿಡಿ. ಹೆಂಡತಿ ತೀರಿಕೊಂಡ ಮೇಲೆ ಕುಡಿಯತೊಡಗಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅವಳಿದ್ದಾಗಲೂ ಕುಡಿಯುತ್ತಿದ್ದೆ, ಆಗ ಬಾಟಲಿ ಬಚ್ಚಿಡುವ ಶ್ರಮವಾದರೂ ಇತ್ತು. ಮಗಳು ನಿಮ್ಮ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿ, “ಅಪ್ಪಾ, ಒಂದ್ಸಲ ಹೋಗಿ ಬಾ. ಆಮೇಲೆ ನಿನ್ನನ್ನ ಏನೂ ಕೇಳಲ್ಲ” ಎಂದಳು. ನಿಜವಾಗಿಯೂ ಕೇಳುವುದನ್ನೇ ಬಿಟ್ಟುಬಿಟ್ಟಾಳೆಂದು ಹೆದರಿ ಹತ್ತೊಂಬತ್ತು ದಿನ ಮುಟ್ಟದೆ ಇದ್ದು, ಇಪ್ಪತ್ತನೆಯ ದಿನ ಇಸ್ತ್ರಿ ಅಂಗಿ ತೊಟ್ಟು ಹೊರಟೆ.

ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಸುತ್ತ ಕುರ್ಚಿ, ಜೋತುಬಿದ್ದ ಮುಖಗಳು, ಪ್ಲಾಸ್ಟಿಕ್ ಲೋಟದಲ್ಲಿ ಟೀ. ಯಾರೂ ಹೆಸರು ಕೇಳಲಿಲ್ಲ. ಇಂಥ ಸಭೆಗಳಲ್ಲಿ ಹೆಸರು ಕೇಳುವುದಿಲ್ಲವೆಂದು ನಿಮ್ಮ ಪಟ್ಟಿಯ ಅಡಿಯಲ್ಲೇ ಇದೆಯಲ್ಲ! ಧೈರ್ಯವಿದ್ದಾಗಲೇ ಮುಗಿಸಿಬಿಡೋಣವೆಂದು ಎದ್ದು ನಿಂತು, “ನಾನೊಬ್ಬ ಕುಡುಕ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ ಕುಡಿದೇ ನೋಡಲು ಹೋಗ್ತಿದ್ದೆ” ಎಂದೆ. ಮಗಳಿಗೂ ಹೇಳಿರದ ಮಾತು.

ಅಧ್ಯಕ್ಷರ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ಕನ್ನಡಕ ಸರಿಮಾಡಿಕೊಂಡು, “ಆಯ್ತು, ಕೂತ್ಕೊಳ್ಳಿ. ಲಿಫ್ಟಿನ ವಿಷಯ ಮುಗೀಲಿ, ನಿಮ್ಮದು ಆಮೇಲೆ ತಗೊಳ್ಳೋಣ” ಎಂದರು.

ಪಕ್ಕದವನು ಕಿವಿಯಲ್ಲಿ, “ಯಾವ ಫ್ಲೋರು ಅಂಕಲ್?”

“ನಾನು ಈ ಬಿಲ್ಡಿಂಗಿನವನಲ್ಲಪ್ಪ.”

“ಮತ್ತೆ ನಮ್ಮ ಲಿಫ್ಟ್ ನಿಮಗ್ಯಾಕ್ರೀ?”

ಮೆಟ್ಟಿಲಿಳಿಯುವಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥದ್ದನ್ನು ಮನೆಗೆ ಹೋದ ತಕ್ಷಣ ಹೆಂಡತಿಗೆ ಹೇಳಬೇಕು ಅನ್ನಿಸಿತು. ಹೇಳಲು ಅವಳೆಲ್ಲಿ? ಎದುರಿಗೇ ಮದ್ಯದಂಗಡಿ ಇತ್ತು. ಅದು ಮಾತ್ರ ವಿಳಾಸ ಬದಲಿಸಿರಲಿಲ್ಲ. ಹತ್ತೊಂಬತ್ತು ದಿನವೂ ಅಲ್ಲೇ ಮುಗಿದವು. ಒಳಗೆ ಹೋದ ಕಾಲು ನನ್ನದೇ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಅಲ್ಲಿಯವರೆಗೆ ದಾರಿ ತೋರಿಸಿದ್ದು ಯಾರ ಕಾಗದ?

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಪಟ್ಟಿ ಮುಂದಿನ ವರ್ಷ ರಿವೈಸ್ ಆಗುತ್ತೆ ಸಾರ್. ಅಲ್ಲೀವರೆಗೆ ಏನಾದ್ರೂ ಕಷ್ಟ ಇದ್ರೆ ಮೀಟಿಂಗಲ್ಲಿ ಹೇಳ್ಕೊಳ್ಳಿ” ಎಂದರು ನಿಮ್ಮ ಗುಮಾಸ್ತರು. ಯಾವ ಮೀಟಿಂಗ್ ಎಂದೆ. “ಪಟ್ಟಿ ನೋಡಿ ಸಾರ್.” ಆಹಾ, ಎಫಿಷಿಯೆನ್ಸಿ!

ಸರಿಯಾದ ಸಭೆಯನ್ನು ಹುಡುಕಿಕೊಟ್ಟಿದ್ದು ಆ ಲಿಫ್ಟಿನಮ್ಮ. ಮುಂದಿನ ಮಂಗಳವಾರ ಜಗಳವಾಡಲೆಂದು ಹೋದರೆ ಅವರೇ ಬಾಗಿಲಲ್ಲಿ ಕಾಯುತ್ತಿದ್ದರು. “ನಿಮ್ಮವರು ಎರಡು ಬೀದಿ ಆಚೆ, ಬೈಂಡಿಂಗ್ ಅಂಗಡಿ ಮೇಲೆ ಸೇರ್ತಾರಂತೆ. ವಿಚಾರಿಸಿದೆ.” ಆಮೇಲೆ ತಗ್ಗಿದ ದನಿಯಲ್ಲಿ, “ನಿಮಗಿಂತ ಮುಂಚೆ ಐದಾರು ಜನ ಹೀಗೇ ಕಾಗದ ಹಿಡ್ಕೊಂಡು ಬಂದಿದ್ರು ಕಣ್ರೀ. ಏನೋ ಮಾರೋಕೆ ಬಂದಿದಾರೆ ಅಂತ ನಾವೇ ಓಡಿಸಿಬಿಟ್ವಿ.”

ಆ ಐದಾರು ಜನ ಎಲ್ಲಿದ್ದಾರೆ, ಮಾನ್ಯರೇ? ಬೈಂಡಿಂಗ್ ಅಂಗಡಿಯ ಮೇಲೆ ಕೇಳಿದೆ. ಅವರಲ್ಲಿ ಒಬ್ಬರೂ ಅಲ್ಲಿಗೆ ತಲುಪಿಲ್ಲ. ನಾನು ಮಾನಗೆಟ್ಟವನು, ಮತ್ತೆ ಬಂದೆ. ಮರ್ಯಾದಸ್ಥರು ಎಷ್ಟು ಸಲ ಬರುತ್ತಾರೆ?

ಮನೆ ಬದಲಿಸಿದವರ ಕಾಗದಕ್ಕೆ ಹೊಸ ವಿಳಾಸ ಬರೆದು ಕಳಿಸುವುದು ನಮ್ಮ ಕಸುಬು. ಈಗ ಒಂಬತ್ತು ವಾರದಿಂದ ಪ್ರತಿ ಮಂಗಳವಾರ ಐದೂವರೆಗೆ ಗಡಿಯಾರದಂಗಡಿಯ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇನೆ. ನಾಲ್ವರು ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ, ಕಣ್ಣು ಎದುರಿನ ಅಂಗಡಿಯ ಮೇಲೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಹೋದ ವಾರ ಯೂನಿಫಾರ್ಮಿನಲ್ಲೇ ಬಂದಿದ್ದ ಬಸ್ ಡ್ರೈವರೊಬ್ಬರು, “ನೀವು ಆ ಆಫೀಸಿನವರಾ ಸಾರ್?” ಎಂದರು. ನಿಮ್ಮ ಮಾನ ಉಳಿಸಲು ಹೌದೆಂದೆ.

ಬರುವ ಮಂಗಳವಾರ ನನ್ನ ಕಣ್ಣಿಗೆ ಪೊರೆಯ ಆಪರೇಷನ್. ಮಗಳೇ ಕರೆದೊಯ್ಯುತ್ತಾಳೆ, ದಿನಾ ಏನಾದರೊಂದು ಕೇಳುತ್ತಲೇ ಇದ್ದಾಳೆ, ದೇವರ ದಯೆ. ಅಂದು ಐದೂವರೆಗೆ ಮೆಟ್ಟಿಲ ಬುಡದಲ್ಲಿ ಯಾರೂ ಇರುವುದಿಲ್ಲ. ಅಷ್ಟರೊಳಗೆ ಏಳನೇ ಸಾಲು ತಿದ್ದಿ. ಆಗದಿದ್ದರೆ, ಪಟ್ಟಿಗೆ ಸಹಿ ಹಾಕಿದ ತಾವೇ ದಯಮಾಡಿಸಿ ಒಂದು ಗಂಟೆ ಅಲ್ಲಿ ನಿಲ್ಲಿ. ಎದುರಿನ ಅಂಗಡಿಗೆ ಬೆನ್ನು ಹಾಕಿ ನಿಂತರೆ ಸುಲಭ, ಅನುಭವದ ಮಾತು.

ಇಂತಿ,
ತಮ್ಮ ಕಚೇರಿಯವನೆಂದು ಒಮ್ಮೆ ಸುಳ್ಳು ಹೇಳಿದ,
ಅರವತ್ತೆಂಟು ದಿನಗಳಿಂದ ಕುಡಿಯದ
ಮಾಜಿ ಪೋಸ್ಟ್‌ಮ್ಯಾನ್