ಹಳೆಯ ನಂಬರಿಗೆ ಬರೆದದ್ದು

ಹಿರಿಯೂರು
ನವೆಂಬರ್ 12, 2025

ಪ್ರೀತಿಯ ಗೌಸ್,

ಹಾಗಲ್ಲ ಕಣೋ. ನಿನ್ನೆ ಫೋನಿನಲ್ಲಿ ನೀನು, “ಲೇ ಮೂರ್ತಪ್ಪ, ನನ್ ಮಗಳು ನಿಮ್ಮನೇಲಿ ಚಾ ಕೂಡ ಕುಡೀದೆ ಎದ್ದು ಬಂದವ್ಳೆ, ಏನಂದೆ ಅವಳಿಗೆ?” ಎಂದಾಗ ಲೈನ್ ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು. ನಿನ್ನ ಮೊಣಕಾಲಿನ ಆಪರೇಷನ್ ಆದ ಮೇಲೂ ಒಂದು ಸಾಲು ಬರೆಯದವನು ನಾನು. ಎರಡಕ್ಕೂ ಕ್ಷಮಿಸು. ಹೊಳಲ್ಕೆರೆ ಮನೆಯ ಮೆಟ್ಟಿಲು ಹತ್ತಲು ಆಗುತ್ತಿದೆಯೇ? ನಿನ್ನ ಮನೆಯಾಕೆ ನೂರುನ್ನೀಸಾ ಹೇಳಿದಂತೆ ಕೇಳು, ಹಟ ಮಾಡಬೇಡ.

ನಿನ್ನ ಮಗಳು ಸನೋಬರ್ ಇಲ್ಲಿಯ ಕಾಲೇಜಿಗೆ ಬಂದದ್ದು ಅವಳ ರಿಸರ್ಚಿಗೆ: ಹುಡುಗರು ಫೋನಿನೊಳಗೆ ಹೇಗೆ ಬದುಕುತ್ತಾರೆ, ಅಲ್ಲಿ ಅವರಿಗೆ ಅಪಾಯ ಯಾವುದು ಎಂದು ತಿಳಿಯಲು. ನನ್ನ ಮಗಳು ಸರ್ವಮಂಗಳೆಯ ಒಪ್ಪಿಗೆ ಪಡೆದು ಮೊಮ್ಮಗಳು ದಿವ್ಯಾಳನ್ನೂ ಮಾತಾಡಿಸಿದಳು. ದಿವ್ಯಾ ಅತ್ತು ಕಣ್ಣು ಕೆಂಪಾಗಿಸಿಕೊಂಡು ಮನೆಗೆ ಬಂದಳಂತೆ. ನನಗೆ ಥಟ್ಟನೆ ಹೊಳೆದದ್ದು ಆದಿವಾಲದ ರಂಗೇಶ. ಅವಳ ಕ್ಲಾಸಿನವನು. ಅವಳ ಫೋನಿನಲ್ಲಿ ಅವನ ಹೆಸರು ಮಿನುಗುವುದನ್ನು ನಾನೇ ನೋಡಿದ್ದೆ.

ಸನೋಬರ್ ನನ್ನನ್ನು ನೋಡಲು ಬಂದಾಗ ಕೂತ ಕೂಡಲೇ ಕೇಳಿದೆ, “ಆ ಹುಡುಗ ಏನ್ ಮಾಡ್ದ ಹೇಳಮ್ಮ.”

“ಹೇಳಕ್ಕಾಗಲ್ಲ ಚಾಚಾ. ಮಕ್ಕಳು ನಂಬಿ ಹೇಳಿರ್ತಾರೆ.”

ಕಾನ್ಫಿಡೆನ್ಷಿಯಲ್! ನಮ್ಮ ದುರ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ ಪದ. ಈಗ ಉಳಿದಿರುವುದು ಅಂಥ ಒಂದಿಷ್ಟೇ. ‘ಎನ್‌ಕ್ಲೋಸ್ಡ್ ಹಿಯರ್‌ವಿತ್’ ಆದ ಮೇಲೆ ಏನು ಬರೆಯಬೇಕೋ ಮರೆತಿದೆ. ಇರಲಿ. ನನಗೆ ಸಿಟ್ಟು ಬಂತು. “ರಿಸ್ಕು ಅಂದ್ರೇನು ಅಂತ ನಂಗೂ ಗೊತ್ತು. ಫೋನ್ ಕಿತ್ತಿಟ್ರೆ ಮುಗೀತು” ಎಂದೆ.

ಅವಳು ಮೆಲ್ಲಗೆ ಹೇಳಿದಳು: “ಅಪಾಯ ಎದುರಾದ ಮಕ್ಕಳಿಗೆಲ್ಲ ಪೆಟ್ಟು ಬೀಳಲ್ಲ ಚಾಚಾ. ಹೇಳ್ಕಳಕ್ಕೆ ಯಾರೂ ಇಲ್ದೋರಿಗೆ ಜಾಸ್ತಿ ಬೀಳತೈತೆ. ಅದಕ್ಕೇ ನಾವು, ನಿನಗೆ ನೋವಾಗಿದ್ದು ಯಾವುದು, ಯಾರಿಗೆ ಹೇಳಿದೆ ಅಂತ ಕೇಳ್ತೀವಿ. ಫೋನ್ ಕಿತ್ಕಬೇಡ್ರಿ. ಅವಳ ಪಕ್ಕ ಸುಮ್ನೆ ಕುಂತ್ಕಳ್ರಿ.” ಆಮೇಲೆ ಏನು ಕೇಳಿದಳು ಗೊತ್ತೇ? “ನೀವು ಸರಿಯಾಗಿ ಊಟ ಮಾಡ್ತೀರಾ? ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ಲಾ?”

ಮಾತು ತಿರುಗಿಸುತ್ತಿದ್ದಾಳೆ ಎಂದುಕೊಂಡೆ. “ಗೌಸ್ ಮಗಳಾಗಿ ನಮ್ಮನೆ ಹುಡುಗಿ ಮಾನಾನ ನಿನ್ ರಿಸರ್ಚಿಗೆ ಮಾರ್ಕೊಳ್ತೀಯಾ?” ಎಂದುಬಿಟ್ಟೆ. ಆ ಮಾತು ಬಾಯಿಂದ ಹೊರಟದ್ದು ನನ್ನ ಕಿವಿಗೇ ಕೇಳಿಸಿತು. ಅವಳು ಲೋಟ ಕೆಳಗಿಟ್ಟು ಎದ್ದಳು. ಬಾಗಿಲಲ್ಲಿ ನಿಂತು, “ಸರ್ವಮಂಗಳಕ್ಕನ ಹತ್ರ ಮಾತಾಡಿದೀನಿ ಚಾಚಾ, ದಿವ್ಯಾನೇ ಅಮ್ಮಂಗೆ ಹೇಳು ಅಂದ್ಲು. ಒಬ್ರೇ ಇರ್ಬೇಡ್ರಿ” ಎಂದು ಹೋದಳು.

ಅಂದು ಸಂಜೆ ದಿವ್ಯಾಳನ್ನು ಕರೆದು ಫೋನು ಕೇಳಿದೆ. ಹುಡುಗಿ ತಾನೇ ರಂಗೇಶನ ಮಾತುಕತೆ ತೆಗೆದು ತೋರಿಸಿದಳು. ಬರೀ ಲೆಕ್ಕದ ನೋಟ್ಸು. ನಡುವೆ ಒಮ್ಮೆ ಅವನು ಫೋಟೋ ಕಳಿಸು ಎಂದಿದ್ದ. ಇವಳು, “ನಿಮ್ಮವ್ವನ ನಂಬರ್ ಕೊಡು, ಅವರಿಗೇ ಕಳಿಸ್ತೀನಿ” ಎಂದು ಬರೆದಿದ್ದಳು. ಆಮೇಲೆ ಅವನದು ಬರೀ ‘ಸಾರಿ’, ‘ಸಾರಿ’ ಎಂಬ ಕ್ಷಮಾಪಣೆ. ಅವಳಿಗೆ ನಮ್ಮ ಕಾವಲು ಬೇಕಿರಲಿಲ್ಲ ಗೌಸ್.

ಸನೋಬರಳಿಗೆ ಹೇಳು, ಈ ಚಾಚಾ ತಪ್ಪಾಯಿತು ಎಂದಿದ್ದಾನೆ. ಅವಳ ಕೆಲಸ ಚೆನ್ನಾಗಿ ಆಗಲಿ, ಮಕ್ಕಳು ಅವಳನ್ನು ಹೀಗೇ ನಂಬಲಿ. ನಿನ್ನ ಮೊಣಕಾಲು ನಿನ್ನ ಮಾತು ಕೇಳುವಂತಾಗಲಿ.

ನಿನ್ನ
ಮೂರ್ತಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ದಿವ್ಯಾ ಬಳಸುವುದು ನೀನು ಅತ್ತಿಗೆ ಎನ್ನುತ್ತಿದ್ದ ನಮ್ಮಾಕೆಯ ಫೋನು. ಆಕೆ ತೀರಿಹೋದ ಮೇಲೆ ಹೊಸ ಸಿಮ್ ಹಾಕಿಸಿ ಮೊಮ್ಮಗಳಿಗೆ ಕೊಟ್ಟಿದ್ದೆ. ಸಿಮ್ ಹೋದ ಮೇಲೆ ಹಳೆಯ ನಂಬರು ಸತ್ತಂತೆ ಎಂದು ತಿಳಿದು, ದಿನವೂ ಆ ನಂಬರಿಗೆ ವಾಟ್ಸಾಪಿನಲ್ಲಿ ಬರೆಯುತ್ತಿದ್ದೆ. ಸಾರಿಗೆ ಉಪ್ಪು ಮರೆತದ್ದು, ಅವಳ ಸೀರೆ ಮಡಿಸಿಟ್ಟದ್ದು. ಒಂದು ದಿನ, “ಬಿ.ಪಿ. ಮಾತ್ರೆ ನಿಲ್ಲಿಸಿದ್ದೇನೆ, ಸಂಕ್ರಾಂತಿಯೊಳಗೆ ನಿನ್ನ ಹತ್ತಿರ ಬಂದುಬಿಡುತ್ತೇನೆ” ಎಂದೂ ಅವಳಿಗೆ ಬರೆದೆ.

ಅಂದು ಸಂಜೆ ಫೋನು ತೋರಿಸುವಾಗ ದಿವ್ಯಾಳೇ ಹೇಳಿದಳು, ಸಿಮ್ ಬದಲಾದರೂ ವಾಟ್ಸಾಪು ಹಳೆಯ ನಂಬರಿನಲ್ಲೇ ಉಳಿದಿತ್ತಂತೆ. ಅದರಲ್ಲಿದ್ದ ಅಜ್ಜಿಯ ಫೋಟೋ ತೆಗೆದುಹಾಕಲು ಅವಳಿಗೆ ಮನಸ್ಸಾಗಿರಲಿಲ್ಲ. ಓದಿದ ಗುರುತು ನನಗೆ ಕಾಣದ ಹಾಗೆ ಮಾಡಿ, ಪ್ರತಿಯೊಂದನ್ನೂ ಓದಿದ್ದಾಳೆ. ದಿನಾ ಬೆಳಿಗ್ಗೆ ಬಂದು, “ಮಾತ್ರೆ ನುಂಗಿದ್ಯಾ ತಾತ? ಬಾಯಿ ತೆಗಿ ನೋಡಾಣ” ಎನ್ನುತ್ತಿದ್ದಳು. ಹುಡುಗಾಟವೆಂದು ನಾನು ನಗುತ್ತಿದ್ದೆ.

“ನಿನಗೆ ನೋವಾಗಿದ್ದು ಯಾವುದು” ಎಂದು ಸನೋಬರ್ ಕೇಳಿದಾಗ ದಿವ್ಯಾ ಹೇಳಿದ್ದು ಇದನ್ನು.

ಆ ನಂಬರಿಗೆ ಇನ್ನು ಬರೆಯುವುದಿಲ್ಲ. ಅಂಥ ಮಾತು ಬಂದರೆ ನಿನಗೆ ಬರೆಯುತ್ತೇನೆ, ನೀನು ನನ್ನ ವಯಸ್ಸಿನವನು, ಹೊರಬಲ್ಲೆ. ಬೆಳಕು ಹೋಗುತ್ತಿದೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಈಗ ಅವಳು ಸಂಜೆಯೂ ಬರುತ್ತಾಳೆ. ಗೇಟಿನ ಸದ್ದಾಯಿತು. ಮಾತ್ರೆ ಕೈಯಲ್ಲೇ ಇದೆ, ಅವಳ ಎದುರಿಗೇ ನುಂಗಬೇಕು.