ಕುಡಿಯದ ಕೇಶಪ್ಪ

ಜನವರಿ 8, ಬೆಳಿಗ್ಗೆ 7
ಇವತ್ತೂ ಅಪ್ಪನಿಗೆ ನಾನೇ ಚಹಾ ಕುಡಿಸಿದೆ. ಕೈಗೆ ಕೊಟ್ಟರೆ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಾನೆ. ಕೈಕಾಲು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಗೋಡೆ ಕಟ್ಟುವ ಗೌಂಡಿ ಕೆಲಸ ಬಿಟ್ಟು ಆರು ವರ್ಷ. ಚಿಂಬಲ್‌ನ ಈ ಓಣಿಗೆಲ್ಲ ಅವನು ಕುಡುಕ ಕೇಶಪ್ಪ. ಹತ್ತಕ್ಕೆ ಬೀಚಿನಲ್ಲಿರಬೇಕು, ಟೂರಿಸ್ಟರ ಕೈಗೆ ಹಾಕುವ ಮೆಹಂದಿ ಕೋನ್ ಇನ್ನೂ ತುಂಬಿಲ್ಲ. ನಾಳೆ ಅಪ್ಪನ ರಕ್ತದ ರಿಪೋರ್ಟ್ ಬರುತ್ತದೆ.

ಜನವರಿ 9
ಹಂಟಿಂಗ್ಟನ್. ಡಾಕ್ಟರ್ ಗೀತಾಂಜಲಿ ಚೀಟಿಯಲ್ಲಿ ಬರೆದುಕೊಟ್ಟರು. ಮಿದುಳಿನ ರೋಗ. ನಿಧಾನಕ್ಕೆ ಹೆಚ್ಚುತ್ತದೆ, ವಾಸಿಯಾಗುವುದಿಲ್ಲ. ಹೆತ್ತವರಿಂದ ಮಕ್ಕಳಿಗೆ ಬರುವಂಥದ್ದು. ಕುಡಿತಕ್ಕೂ ಇದಕ್ಕೂ ಸಂಬಂಧವೇ ಇಲ್ಲವಂತೆ.

ಆರು ವರ್ಷದ ಹಿಂದೆ ಕುಬೇರ ಮಾಮಾ ಎಲ್ಲಮ್ಮನ ಭಂಡಾರದ ಅರಿಶಿನ ಮುಟ್ಟಿಸಿ ಅಪ್ಪನಿಂದ ಆಣೆ ಮಾಡಿಸಿದ್ದ, ಇನ್ನು ಕುಡಿಯುವುದಿಲ್ಲ ಅಂತ. ಮಾಮಾ ಅಂದರೆ ಅವ್ವನ ತಮ್ಮ. ಏಪ್ರಿಲ್‌ನಲ್ಲಿ ನನ್ನ ಮದುವೆ ಅವನೊಂದಿಗೇ. ಆಣೆಯಾದ ಮೇಲೂ ಅಪ್ಪ ತೂರಾಡಿದ. ಆಣೆ ಮುರಿದ, ದೇವಿ ಹಿಡಿದಳು ಅಂದೆವು. ನಾನೂ ಅಂದೆ. ಸಾಯುವ ತನಕ ಅವ್ವ ಅವನೊಂದಿಗೆ ಮಾತಾಡಲಿಲ್ಲ. ಅವನೋ ಹನಿ ಮುಟ್ಟಿರಲಿಲ್ಲ!

ಜನವರಿ 11
ಮಕ್ಕಳಿಗೆ ಬರುವುದು ಅರ್ಧಕ್ಕರ್ಧ ಸಾಧ್ಯತೆ ಅಂದಿದ್ದರು ಡಾಕ್ಟರ್. ನಾನು, ತಮ್ಮ ಅನಿಲ — ಇಬ್ಬರೇ ಮಕ್ಕಳು. ಅಂದರೆ ಒಬ್ಬರಿಗೆ ಬರುತ್ತದೆ, ಒಬ್ಬರು ಬಚಾವ್. ಊಟಕ್ಕೆ ಕೂತಾಗ ಅನಿಲನ ಕೈಯಿಂದ ಚಮಚ ಜಾರಿತು. ನನಗೆ ಹಗುರವಾಯಿತು... ಥೂ, ನನ್ನ ಜನ್ಮಕ್ಕಿಷ್ಟು.

ಡಾಕ್ಟರಿಗೆ ಫೋನ್ ಮಾಡಿದೆ. ಲೆಕ್ಕ ಹಾಗಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ. ಇಬ್ಬರಿಗೂ ಬರಬಹುದು, ಯಾರಿಗೂ ಬರದೆಯೂ ಇರಬಹುದು.

ಫೆಬ್ರವರಿ 2
ಫಾರಿನ್ ಹೆಂಗಸಿನ ಅಂಗೈ ಮೇಲೆ ಬಳ್ಳಿ ಸೊಟ್ಟಗಾಯಿತು. ಈ ವಾರ ಮೂರನೇ ಸಲ. ನಿದ್ದೆ ಕಡಿಮೆಯಾದದ್ದಕ್ಕೋ ಏನೋ. ಹೆದರಿಕೆ. ಬರೀ ಹೆದರಿಕೆ.

ಫೆಬ್ರವರಿ 20
ಮಾಮಾನಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪನ ಮುಂದೆ ಹೋಗಿ ಕೂತ.

‘ಭಾವಾರ, ನಿಮ್ಮ ಮಾತು ನಂಬಲಿಲ್ರಿ. ತಪ್ಪಾತ್ರಿ.’

ಅಪ್ಪನ ನಾಲಿಗೆ ಹೊರಳಲು ಹೊತ್ತು ಹಿಡಿಯಿತು. ‘ನಾ... ಕುಡದಿದ್ದಿಲ್ಲೋ.’

ಮಾಮಾ ಅತ್ತ. ಹೊರಗೆ ಬಂದು ಮುಖ ಒರೆಸಿಕೊಂಡು ನನಗಂದ, ‘ನೀ ಟೆಸ್ಟಿಗೆ ರಕ್ತ ಕೊಡು. ಆಮ್ಯಾಲೆ ಮದಿವಿ ಮಾತಾಡೂಣು.’ ಸಿಟ್ಟು ನೆತ್ತಿಗೇರಿತು. ಆದರೆ ಅವನ ಜಾಗದಲ್ಲಿ ನಾನಿದ್ದರೂ...

ಮಾರ್ಚ್ 27, ಸಂಜೆ
ರಿಪೋರ್ಟಿನಲ್ಲಿ ಏನಿದೆ ಅಂತ ತಿಳಿಯಲೇಬೇಕಾ ಅಂತ ಡಾಕ್ಟರ್ ಎರಡು ಸಲ ಕೇಳಿದರು. ಹೌದು ಅಂದೆ. ಕುರ್ಚಿ ಹತ್ತಿರ ಎಳೆದುಕೊಂಡರು. ನನಗೂ ಇದೆ. ಈಗಿನ ನಡುಕ ಇದರದ್ದಲ್ಲ, ಇನ್ನೂ ವರ್ಷಗಳಿವೆ ಅಂದರು. ಎಷ್ಟು ಅಂತ ಅವರಿಗೂ ಗೊತ್ತಿಲ್ಲ.

ಮಾಮಾನಿಗೆ ಫೋನಿನಲ್ಲೇ ಹೇಳಿದೆ. ಹೂಂ ಅಂದ. ಮದುವೆಯ ಮಾತೆತ್ತದೆ ಇಟ್ಟ.

ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ‘ಏನಂದ್ರು, ಸುರೇಖಾ?’

‘ಏನಿಲ್ಲಪಾ. ನನಗ ಬಂದಿಲ್ಲಂತ.’

ಅಪ್ಪ ನಕ್ಕ. ಎಷ್ಟು ವರ್ಷವಾಗಿತ್ತು ಅವನು ನಕ್ಕು. ‘ನನ್ನ ಸಂಗಾಟಾನ ಹೋಗ್ಲಿ ಈ ರೋಗ’ ಅಂದ.

ಹೂಂ ಅಂದೆ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವನು ಮತ್ತೆ ಕರೆಯುತ್ತಿದ್ದಾನೆ. ಮುಖ ತೊಳೆದುಕೊಂಡು—